ನಿದಾನ ಮತ್ತು ನಿಧಾನ

ನಮ್ಮ ಭಾಷೆಯಲ್ಲಿ ನಿದಾನ, ನಿಧಾನ ಎಂದು ಎರಡು ಮಾತುಗಳುಂಟು. ಕಿವಿಗೆ ಇವುಗಳ ಅಂತರ ಅತ್ಯಲ್ಪ. ಕಣ್ಣಿಗೆ ಅದಕ್ಕಿಂತಲೂ ಅಲ್ಪ. ದಕಾರದ ಅಡಿಯಲ್ಲಿ ಒಂದು ಸಣ್ಣ ಸೀಳು ಬಿದ್ದರೆ ಅದು ಧಕಾರವಾಗುತ್ತದೆ. ಅಲ್ಪಪ್ರಾಣದ ನಿದಾನವೆಂದರೆ ರೋಗದ ಕಾರಣವನ್ನು ಅರಸಿ ತಿಳಿಯುವುದು. ಅದು ವೈದ್ಯರ ಮಾತು. ಮಹಾಪ್ರಾಣದ ನಿಧಾನಕ್ಕೆ ಸಂಸ್ಕೃತದಲ್ಲಿ ಹೂಳಿಟ್ಟ ನಿಕ್ಷೇಪವೆಂದು ಅರ್ಥ; ಕನ್ನಡದ ಬಳಕೆಯಲ್ಲಿ ಸಾವಕಾಶವೆಂದು ಅರ್ಥ. ನನ್ನ ಅಣ್ಣನು ನಲವತ್ತು ವರ್ಷ ಮುದ್ರಣಾಲಯವನ್ನು ನಡೆಸಿದವನು. ಈ ಎರಡನ್ನು ಅದಲುಬದಲು ಮಾಡಿದ ಹಸ್ತಪ್ರತಿ ಬಂದರೆ, ಬರೆದವರು ಎಷ್ಟೇ ದೊಡ್ಡ ವಿದ್ವಾಂಸರಾಗಿರಲಿ, ಅವನು ಕನ್ನಡಕವನ್ನು ಹಣೆಯ ಮೇಲಕ್ಕೆ ಸರಿಸಿ, "ಒಂದು ಸೀಳಿಗೂ ಇಷ್ಟು ಬಡತನವೇ?" ಎನ್ನುತ್ತಿದ್ದನು. ಅವನ ಕಾಯಿಲೆಯ ಹದಿನೈದು ತಿಂಗಳುಗಳಲ್ಲಿ ನಮ್ಮ ಮನೆಯವರೆಲ್ಲರ ಬಾಳು ಈ ಎರಡು ಮಾತುಗಳ ನಡುವೆ ಸಾಗಿತು. ಅದನ್ನು ಬರೆದಿಡಬೇಕೆಂದು ಬಹುದಿನಗಳಿಂದ ಎಣಿಸಿದ್ದೆನು, ಧೈರ್ಯ ಬಂದಿರಲಿಲ್ಲ.

ಈ ಪತ್ರಿಕೆಯ ಹಳೆಯ ವಾಚಕರಲ್ಲಿ ಕೆಲವರಿಗಾದರೂ ಅಣ್ಣನ ನೆನಪಿರಬಹುದು. ಮೊಳೆ ಜೋಡಿಸಿ ಅಚ್ಚುಮಾಡುತ್ತಿದ್ದ ಕಾಲದಲ್ಲಿ ಇದರ ಹಲವು ಸಂಚಿಕೆಗಳು ಅವನ ಟ್ರೆಡಲ್ ಯಂತ್ರದಿಂದಲೇ ಹೊರಬಂದುವು. ಆಫ್‌ಸೆಟ್ ಬಂದ ಮೇಲೆ ಮೊಳೆಗಳು ಸೀಸದ ತೂಕಕ್ಕೆ ಮಾರಿಹೋದುವು. ಒಂದು ಕೇಸನ್ನು ಮಾತ್ರ ಅವನು ನಡುಮನೆಯಲ್ಲಿ ಇರಿಸಿಕೊಂಡನು. ಯಂತ್ರದ ಕೆಲಸವನ್ನು ಇತರರಿಗೆ ಬಿಟ್ಟು, ಕರಡು ತಿದ್ದುವುದನ್ನು ತಾನು ಇಟ್ಟುಕೊಂಡನು. ಅವನು ತಿದ್ದಿದ ಕರಡನ್ನು ಮತ್ತೊಬ್ಬರು ನೋಡುವ ಅಗತ್ಯವಿಲ್ಲವೆಂದು ಊರಿನಲ್ಲಿ ಪ್ರತೀತಿಯಿತ್ತು.

೨೦೧೧ರ ಜನವರಿಯಲ್ಲಿ, ಸಂಕ್ರಾಂತಿ ಕಳೆದ ವಾರ, ಅವನು ತಿದ್ದಿದ ಒಂದು ಕರಡು ಹಿಂದಕ್ಕೆ ಬಂದಿತು. ಹದಿನಾರು ಪುಟಗಳಲ್ಲಿ ನಲವತ್ತು ತಪ್ಪುಗಳು ಹಾಗೆಯೇ ಉಳಿದಿದ್ದುವು. ಅತ್ತಿಗೆಯವರು ಕಣ್ಣಿನ ಪೊರೆಯಿರಬೇಕೆಂದರು. ಕಣ್ಣಿನಲ್ಲಿ ದೋಷವೇನೂ ಇರಲಿಲ್ಲ. ಎರಡು ವಾರಗಳೊಳಗೆ ಅವನಿಗೆ ವಸ್ತುಗಳ ಹೆಸರುಗಳು ತಪ್ಪಲಾರಂಭಿಸಿದುವು. ಗೋಡೆಯ ಗಡಿಯಾರವನ್ನು ತೋರಿಸಿ, "ಅದು... ಹೊತ್ತು ನೋಡುವುದು" ಎನ್ನುವನು, ವಸ್ತುವಿನ ಉಪಯೋಗ ತಿಳಿದಿದೆ, ಹೆಸರು ಬಾರದು. ಬೆಂಗಳೂರಿಗೆ ಕರೆದುಕೊಂಡು ಹೋದೆವು. ತಲೆಯ ಚಿತ್ರ ತೆಗೆದಾಗ ಮೆದುಳಿನ ಎಡಭಾಗದಲ್ಲಿ, ಕಿವಿಯ ಮೇಲ್ಗಡೆ, ಮಾತಿಗೆ ಸಂಬಂಧಪಟ್ಟ ಪ್ರದೇಶವನ್ನು ಒತ್ತಿಕೊಂಡು ಒಂದು ಗೆಡ್ಡೆ ಬೆಳೆದಿರುವುದು ಕಂಡಿತು. ಶಸ್ತ್ರಕ್ರಿಯೆ ಮಾಡಿ ತೆಗೆಯಬಹುದಾದಷ್ಟನ್ನು ತೆಗೆದರು. ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಗ್ಲಯೋಬ್ಲಾಸ್ಟೋಮ ಎಂಬ ಹೆಸರನ್ನು ಬರೆದುಕೊಟ್ಟರು. ನಾಲ್ಕು ದರ್ಜೆಗಳಲ್ಲಿ ಅದು ಕಡೆಯದು. ಇದೇ ನಿದಾನ.

ನಾನು ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನವನ್ನು ಬೋಧಿಸಿದವನು. ಆದಕಾರಣ ಮನೆಯಲ್ಲಿ ಯಾರಿಗೆ ಜ್ವರ ಬಂದರೂ ವೈದ್ಯರ ಚೀಟಿಯನ್ನು ಮೊದಲು ನನ್ನ ಕೈಗೆ ಕೊಡುವುದು ವಾಡಿಕೆ. ಈ ಸಲವೂ ಹಾಗೆಯೇ ಆಯಿತು. ಗ್ರಂಥಗಳನ್ನು ನೋಡಿದೆನು. ಯೂರೋಪು, ಕೆನಡಗಳ ೫೭೩ ಮಂದಿ ರೋಗಿಗಳ ಮೇಲೆ ನಡೆದ ಪರೀಕ್ಷೆಯೊಂದರ ಫಲಿತಾಂಶ ೨೦೦೫ರಲ್ಲಿ ಪ್ರಕಟವಾಗಿತ್ತು. ಶಸ್ತ್ರಕ್ರಿಯೆಯ ಮೇಲೆ ಕಿರಣಚಿಕಿತ್ಸೆಯನ್ನು ಮಾತ್ರ ಪಡೆದವರನ್ನು ಆಯುಸ್ಸಿನ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವಿನವನು ಬದುಕಿದ್ದುದು ೧೨.೧ ತಿಂಗಳು. ಕಿರಣದೊಡನೆ ಟೆಮೊಜೊಲೊಮೈಡ್ ಎಂಬ ಮಾತ್ರೆಯನ್ನೂ ಪಡೆದವರಲ್ಲಿ ನಡುವಿನವನು ಬದುಕಿದ್ದುದು ೧೪.೬ ತಿಂಗಳು. ಎರಡು ವರ್ಷ ದಾಟಿದವರು ಮೊದಲ ಗುಂಪಿನಲ್ಲಿ ನೂರಕ್ಕೆ ಹತ್ತು ಮಂದಿ, ಎರಡನೆಯದರಲ್ಲಿ ಇಪ್ಪತ್ತಾರು. ಎರಡೂವರೆ ತಿಂಗಳಿನ ಈ ಅಂತರವನ್ನು ಜಗತ್ತಿನ ವೈದ್ಯರೆಲ್ಲರೂ ಒಂದು ಜಯವೆಂದು ಸ್ವೀಕರಿಸಿದ್ದರು. ಅದು ಜಯವೇ ಹೌದು. ಆದರೆ ತನ್ನ ಅಣ್ಣನ ಚೀಟಿಯನ್ನು ಕೈಯಲ್ಲಿ ಹಿಡಿದಿರುವವನಿಗೆ ಎರಡೂವರೆ ತಿಂಗಳೆಂಬುದು ಬೇರೆಯೇ ಅಳತೆ.

ಅಣ್ಣನಿಗೆ ಕಿರಣ, ಮಾತ್ರೆ ಎರಡೂ ನಡೆದುವು. ಮಳೆಗಾಲದ ಹೊತ್ತಿಗೆ ಮಾತು ಬಹುಮಟ್ಟಿಗೆ ಮರಳಿತು. ಗಣೇಶನ ಹಬ್ಬದಲ್ಲಿ ಅವನು ಮೊದಲಿನಂತೆಯೇ ಎಲ್ಲರನ್ನೂ ಹಾಸ್ಯಮಾಡಿದನು. ಆ ನಾಲ್ಕು ತಿಂಗಳುಗಳನ್ನು ನಾವು ಜಿಪುಣರು ಹಣವನ್ನು ಎಣಿಸುವಂತೆ ಎಣಿಸಿಕೊಂಡು ಕಳೆದೆವು. ನವೆಂಬರಿನ ಚಿತ್ರದಲ್ಲಿ ಗೆಡ್ಡೆ ಮತ್ತೆ ಕಾಣಿಸಿಕೊಂಡಿತು.

ಅದೇ ನವೆಂಬರಿನ ೯ರಂದು ಅಮೆರಿಕದಲ್ಲಿ ಹರಗೋವಿಂದ ಖೊರಾನರು ತೀರಿಕೊಂಡರು. ಪತ್ರಿಕೆಯಲ್ಲಿ ಅವರ ಭಾವಚಿತ್ರವನ್ನು ನೋಡಿ ಅಣ್ಣನು, "ಯಾರು?" ಎಂದು ಕೇಳಿದನು. ಪಂಜಾಬಿನ ಒಂದು ಸಣ್ಣ ಹಳ್ಳಿಯಲ್ಲಿ ಪಟವಾರಿಯ, ಎಂದರೆ ನಮ್ಮ ಶಾನುಭೋಗರಂಥವರ, ಮಗನಾಗಿ ಹುಟ್ಟಿದವರು. ಜೀವಕೋಶದ ಲಿಪಿಯನ್ನು ಓದುವ ಬಗೆಯನ್ನು ಬಿಡಿಸಿದುದಕ್ಕಾಗಿ ೧೯೬೮ರಲ್ಲಿ ಇತರ ಇಬ್ಬರೊಡನೆ ನೊಬೆಲ್ ಬಹುಮಾನವನ್ನು ಪಡೆದವರು. ಆ ಲಿಪಿಯ ಅಕ್ಷರಗಳನ್ನು ಒಂದೊಂದಾಗಿ ರಸಾಯನಕ್ರಿಯೆಯಿಂದ ಜೋಡಿಸುವುದನ್ನು ಜಗತ್ತಿಗೆ ಕಲಿಸಿದವರಲ್ಲಿ ಮುಖ್ಯರು, ಎಂದು ಹೇಳಿದೆನು. "ಹಾಗಾದರೆ ನಮ್ಮವನೇ. ಮೊಳೆ ಜೋಡಿಸುವವನು" ಎಂದು ಅಣ್ಣನು ನಕ್ಕನು. ಆ ಮಾತು ಮುಂದೆ ಎಷ್ಟು ದೂರ ಹೋಗುವುದೆಂದು ಆಗ ನನಗೆ ಹೊಳೆಯಲಿಲ್ಲ.

ಅದಾದ ಒಂದು ವಾರಕ್ಕೆ ಅಣ್ಣನ ಮಗನು ಬೆಂಗಳೂರಿನಿಂದ ಬಂದನು. ಅವನು ಎಂಜಿನಿಯರು. ಕೈಯಲ್ಲಿ ಒಂದು ವೈದ್ಯಪತ್ರಿಕೆಯ ಲೇಖನವಿತ್ತು. "ಚಿಕ್ಕಪ್ಪ, ಇದನ್ನು ಓದಿ. ಜರ್ಮನಿಯಲ್ಲಿ ಗೆಡ್ಡೆಯ ಬೆಳವಣಿಗೆಯನ್ನು ನಿಧಾನ ಮಾಡುವ ಔಷಧ ಬಂದಿದೆ. ಜೀನ್ ಮಟ್ಟದಲ್ಲೇ ಕೆಲಸಮಾಡುತ್ತದೆಯಂತೆ. ಬೇಕಾದರೆ ಮನೆಯನ್ನು ಮಾರಿಬಿಡೋಣ" ಎಂದನು. ಅವನು ಹೇಳಿದ ಮನೆಯೆಂದರೆ ಮುಖ್ಯಬೀದಿಯಲ್ಲಿದ್ದ ಮುದ್ರಣಾಲಯವೂ ಅದರ ಹಿಂದಿನ ವಾಸದ ಮನೆಯೂ. ಅತ್ತಿಗೆಯವರಿಗೆ ಅದಲ್ಲದೆ ಬೇರೆ ಆಸ್ತಿಯಿರಲಿಲ್ಲ. ಓದಿ ಹೇಳತಕ್ಕವನು ನಾನು. ನನ್ನ ಮಾತಿನ ಮೇಲೆ ಮನೆ ಮಾರುವುದು ಅಥವಾ ಬಿಡುವುದು ನಿಲ್ಲುವಂತಾಯಿತು.

ಆ ಔಷಧದ ತತ್ತ್ವವನ್ನು ವಾಚಕರಿಗೆ ಸ್ವಲ್ಪ ತಿಳಿಸಬೇಕು. ಜೀವಕೋಶದ ನಡುವೆ ಡಿಎನ್‌ಎ ಎಂಬ ದೀರ್ಘವಾದ ಬರೆಹವಿದೆ. ಅದರ ವರ್ಣಮಾಲೆಯಲ್ಲಿ ಅಕ್ಷರಗಳು ನಾಲ್ಕೇ. ಯಾವುದಾದರೊಂದು ಪ್ರೋಟೀನು ಬೇಕಾದಾಗ ಕೋಶವು ಮೂಲಗ್ರಂಥವನ್ನು ಹೊರಕ್ಕೆ ಒಯ್ಯುವುದಿಲ್ಲ. ಬೇಕಾದ ಅಧ್ಯಾಯವನ್ನು ಆರ್‌ಎನ್‌ಎ ಎಂಬ ತುಂಡಿನಲ್ಲಿ ನಕಲು ತೆಗೆದು, ಆ ನಕಲನ್ನು ಹೊರಗಿನ ಕಾರ್ಖಾನೆಗೆ ಕಳುಹಿಸುತ್ತದೆ. ಅಲ್ಲಿ ನಕಲನ್ನು ಓದಿ ಪ್ರೋಟೀನನ್ನು ಕಟ್ಟುತ್ತಾರೆ. ಈ ನಾಲ್ಕು ಅಕ್ಷರಗಳಿಗೆ ಒಂದು ವಿಶೇಷವುಂಟು. ಪ್ರತಿಯೊಂದು ಅಕ್ಷರಕ್ಕೂ ನಿಯತವಾದ ಒಂದು ಜೊತೆಯಿದೆ. ತನ್ನ ಜೊತೆಯ ಅಕ್ಷರ ಎದುರಾದರೆ ಎರಡೂ ಅಂಟಿಕೊಳ್ಳುತ್ತವೆ. ಆದುದರಿಂದ ನಕಲಿನ ಒಂದು ಸಾಲಿಗೆ ಸರಿಯಾಗಿ ಎದುರು ಅಕ್ಷರಗಳ ಸಣ್ಣ ಸರವೊಂದನ್ನು ನಾವೇ ಜೋಡಿಸಿ ಕೋಶದೊಳಗೆ ಬಿಟ್ಟರೆ, ಅದು ಹುಡುಕಿಕೊಂಡು ಹೋಗಿ ಆ ಸಾಲಿಗೆ ಅಂಟುತ್ತದೆ. ಅಂಟಿದ ಸಾಲನ್ನು ಓದಲಾಗದು. ಅಷ್ಟೇ ಅಲ್ಲ, ಇಂತಹ ಜೋಡಿಯನ್ನು ಕಂಡರೆ ಆರ್‌ಎನ್‌ಎ ಭಾಗವನ್ನು ಕತ್ತರಿಸಿಹಾಕುವ ಕಿಣ್ವವೊಂದು ಕೋಶದಲ್ಲಿ ಮೊದಲೇ ಇದೆ. ನಕಲು ತುಂಡಾಗುತ್ತದೆ, ನಾವು ಬಿಟ್ಟ ಸರ ಉಳಿದು ಮುಂದಿನ ನಕಲನ್ನು ಹಿಡಿಯಲು ಹೋಗುತ್ತದೆ. ಮೂಲಗ್ರಂಥಕ್ಕೆ ಯಾವ ಹಾನಿಯೂ ಇಲ್ಲ. ಇದನ್ನು ಇಂಗ್ಲಿಷಿನಲ್ಲಿ ಆಂಟಿಸೆನ್ಸ್ ಎನ್ನುತ್ತಾರೆ. ಕನ್ನಡದಲ್ಲಿ ಎದುರಕ್ಷರವೆಂದು ಕರೆದರೆ ತಪ್ಪಾಗಲಾರದೆಂದು ತೋರುತ್ತದೆ.

ಇದರ ಕಥೆಯೂ ಅರ್ಬುದದಿಂದಲೇ ಆರಂಭವಾಗುತ್ತದೆ. ೧೯೧೧ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯ ಪೇಟನ್ ರೌಸ್ ಎಂಬವರು ಒಂದು ಕೋಳಿಯ ಗೆಡ್ಡೆಯನ್ನು ಅರೆದು, ಜೀವಕೋಶವಾಗಲಿ ಬ್ಯಾಕ್ಟೀರಿಯವಾಗಲಿ ದಾಟಲಾರದಷ್ಟು ಸೂಕ್ಷ್ಮವಾಗಿ ಸೋಸಿ, ಆ ರಸವನ್ನು ಬೇರೆ ಕೋಳಿಗೆ ಚುಚ್ಚಿದರೆ ಅದಕ್ಕೂ ಗೆಡ್ಡೆ ಬರುವುದೆಂದು ತೋರಿಸಿದರು. ಕಾರಣ ವೈರಸ್ಸು. ಅದಕ್ಕೆ ನೊಬೆಲ್ ಬಹುಮಾನ ದೊರೆತುದು ೧೯೬೬ರಲ್ಲಿ, ಐವತ್ತೈದು ವರ್ಷಗಳ ಮೇಲೆ. ಅದೇ ರೌಸ್ ವೈರಸ್ಸಿನ ಮೇಲೆ ೧೯೭೮ರಲ್ಲಿ ಬಾಸ್ಟನ್ನಿನ ಪಾಲ್ ಜಮೆಕ್ನಿಕ್ ಮತ್ತು ಮೇರಿ ಸ್ಟೀಫನ್‌ಸನ್ ಎಂಬಿಬ್ಬರು ಹದಿಮೂರು ಎದುರಕ್ಷರಗಳ ಒಂದು ಸರವನ್ನು ಪ್ರಯೋಗಿಸಿದರು. ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಕೋಳಿಮರಿಯ ಕೋಶಗಳಲ್ಲಿ ವೈರಸ್ಸಿನ ವೃದ್ಧಿ ಕುಗ್ಗಿತು. ಕೋಶಗಳು ಅರ್ಬುದಕೋಶಗಳಾಗಿ ಮಾರ್ಪಡುವುದೂ ಕುಗ್ಗಿತು. ಜಮೆಕ್ನಿಕ್ಕರಿಗೆ ಆಗ ಅರುವತ್ತೈದು ವರ್ಷ. ಅಷ್ಟು ದೊಡ್ಡ ಸರ ಕೋಶದ ಪೊರೆಯನ್ನು ದಾಟಿ ಒಳಹೋಗುವುದೆಂಬುದನ್ನು ಹಲವರು ನಂಬಲಿಲ್ಲ. ಅವರು ಬಿಡಲಿಲ್ಲ, ೨೦೦೯ರಲ್ಲಿ ತೊಂಬತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡರು.

ಅಣ್ಣನಿಗೆ ಇದನ್ನೆಲ್ಲ ಹೇಳಬೇಕೋ ಬೇಡವೋ ಎಂದು ನಾನು ಅನುಮಾನಿಸುತ್ತಿದ್ದೆನು. ಅವನೇ ಒಂದು ಸಂಜೆ ಲೇಖನವನ್ನು ತೋರಿಸಿ, "ಹೇಳು" ಎಂದನು. ಆ ಹೊತ್ತಿಗೆ ಮಾತು ಮತ್ತೆ ತೊಡಕುತ್ತಿತ್ತು. ಪಾಠ ಹೇಳುವ ನನ್ನ ಹಳೆಯ ರೀತಿಯಲ್ಲಿ ವಿವರಿಸಿದೆನು. ಅವನು ಎದ್ದು ಹೋಗಿ ಕೇಸಿನಿಂದ ಒಂದು ಮೊಳೆಯನ್ನು ತಂದು ಅಂಗೈಯಲ್ಲಿಟ್ಟುಕೊಂಡು, "ಇದು ಹುಟ್ಟಿದ್ದು... ಅಚ್ಚು. ಎರಕದ ಅಚ್ಚು. ಅದನ್ನೇ ಇದರ ಮುಖಕ್ಕೆ ಮುಚ್ಚಿಟ್ಟರೆ... ಮಸಿ ಎಲ್ಲಿ ತಾಗುತ್ತೆ?" ಎಂದನು. ಮೂರು ಪುಟಗಳಲ್ಲಿ ಪಂಡಿತರು ಬರೆದುದನ್ನು ಅವನು ಒಂದು ಮೊಳೆಯಲ್ಲಿ ಹೇಳಿ ಮುಗಿಸಿದನು. ಕಾಗದಕ್ಕೆ ಬೀಳಬೇಕಾದ ಅಕ್ಷರವನ್ನು ಅದರ ಅಚ್ಚಿನಿಂದಲೇ ಮುಚ್ಚುವುದು, ಅದೇ ಈ ಚಿಕಿತ್ಸೆ.

"ಎಷ್ಟು ಅಕ್ಷರ?" ಎಂದು ಕೇಳಿದನು. ಹದಿನೆಂಟು ಎಂದೆನು. "ಸಾಕೇ?" ಎಂದನು. ಲೆಕ್ಕಮಾಡಿ ತೋರಿಸಿದೆನು. ನಾಲ್ಕು ಅಕ್ಷರಗಳಿಂದ ಹದಿನಾರು ಸ್ಥಾನಗಳ ಸರಗಳನ್ನು ಕಟ್ಟಿದರೆ ೪೨೯ ಕೋಟಿ ಬಗೆಯ ಸರಗಳಾಗುತ್ತವೆ. ಮನುಷ್ಯನ ಮೂಲಗ್ರಂಥದ ಅಕ್ಷರಗಳು ಸುಮಾರು ೩೦೦ ಕೋಟಿ. ಹದಿನೆಂಟು ಸ್ಥಾನಗಳಾದರೆ ಸರಗಳು ೬,೮೭೧ ಕೋಟಿಯನ್ನು ಮೀರುತ್ತವೆ. ಆದುದರಿಂದ ಹದಿನೆಂಟು ಅಕ್ಷರಗಳ ಒಂದು ಸಾಲು ಇಡೀ ಗ್ರಂಥದಲ್ಲಿ ಆಕಸ್ಮಿಕವಾಗಿ ಎರಡನೆಯ ಕಡೆ ಬರುವ ಸಂಭವ ಬಹಳ ಕಡಮೆ. ಒಂದೆರಡು ಅಕ್ಷರ ತಪ್ಪಿದ ಸಾಲಿಗೂ ಸರ ಅಂಟುವುದುಂಟೆಂಬುದು ಬೇರೆಯ ತೊಡಕು. ಅಣ್ಣನಿಗೆ ಈ ಲೆಕ್ಕ ಬಹಳ ಹಿಡಿಸಿತು. ಬಹುದಿನಗಳ ಮೇಲೆ ಅವನ ಮುಖದಲ್ಲಿ ಕಸುಬುದಾರನ ಸಂತೋಷವನ್ನು ಕಂಡೆನು.

ತತ್ತ್ವ ಸುಂದರವಾದುದೆಂಬುದರಲ್ಲಿ ಸಂದೇಹವಿರಲಿಲ್ಲ. ಆದರೆ ಮನೆಯನ್ನು ಮಾರುವುದು ತತ್ತ್ವದ ಸೌಂದರ್ಯವನ್ನು ನೋಡಿ ಅಲ್ಲವಷ್ಟೆ. ಲೇಖನವನ್ನು ಮೂರು ಸಲ ಓದಿದೆನು. ಔಷಧದ ಹೆಸರು ಟ್ರಾಬೆಡರ್ಸನ್. ಜರ್ಮನಿಯ ರೇಗನ್ಸ್‌ಬುರ್ಗ್ ನಗರದಲ್ಲಿ ಸಿದ್ಧವಾದುದು. ಮೆದುಳಿನ ಗೆಡ್ಡೆಯು ಟಿಜಿಎಫ್ ಬೀಟಾ-೨ ಎಂಬ ಪ್ರೋಟೀನನ್ನು ಯಥೇಚ್ಛವಾಗಿ ಸುರಿಸುತ್ತದೆ. ದೇಹದ ರಕ್ಷಕಕೋಶಗಳನ್ನು ಅದು ಮಂಕಾಗಿಸುತ್ತದೆ, ಗೆಡ್ಡೆ ಅಕ್ಕಪಕ್ಕಕ್ಕೆ ನುಗ್ಗಲು ದಾರಿಮಾಡಿಕೊಡುತ್ತದೆ. ಆ ಪ್ರೋಟೀನಿನ ನಕಲಿಗೆ ಎದುರಾದ ಹದಿನೆಂಟು ಅಕ್ಷರಗಳ ಸರವೇ ಈ ಔಷಧ. ರಕ್ತದಲ್ಲಿ ಬಿಟ್ಟರೆ ಇಂತಹ ಸರಗಳು ಬಹುಪಾಲು ಯಕೃತ್ತು ಮೂತ್ರಪಿಂಡಗಳಲ್ಲಿ ತಂಗುತ್ತವೆ. ರಕ್ತದಿಂದ ಮೆದುಳಿಗೆ ದಾಟುವ ಗಡಿಯನ್ನು ದಾಟಲಾರವು. ಆದಕಾರಣ ತಲೆಬುರುಡೆಗೆ ರಂಧ್ರಮಾಡಿ, ಸಣ್ಣ ಕೊಳವೆಯ ಮೂಲಕ ನೇರವಾಗಿ ಗೆಡ್ಡೆಯೊಳಕ್ಕೆ ತೊಟ್ಟುತೊಟ್ಟಾಗಿ ಬಿಡಬೇಕು. ವಾರ ಬಿಟ್ಟು ವಾರ, ತಿಂಗಳುಗಟ್ಟಲೆ.

ಪರೀಕ್ಷೆಗೆ ಒಳಗಾದವರು ೧೪೫ ಮಂದಿ. ಕರ್ತೃಗಳ ಪಟ್ಟಿಯಲ್ಲಿ ಭಾರತದ ವೈದ್ಯರ ಹೆಸರುಗಳೂ ಇದ್ದುದನ್ನು ಕಂಡು ಅಣ್ಣನ ಮಗನಿಗೆ ಭರವಸೆ ಹೆಚ್ಚಿತ್ತು. ಆದರೆ ಆರು ತಿಂಗಳ ಕಡೆಗೆ ಗೆಡ್ಡೆ ಹತೋಟಿಯಲ್ಲಿದ್ದವರ ಲೆಕ್ಕ ತೆಗೆದಾಗ, ಒಟ್ಟು ರೋಗಿಗಳಲ್ಲಿ ಹೊಸ ಔಷಧದವರಿಗೂ ವಾಡಿಕೆಯ ಔಷಧದವರಿಗೂ ನೆಚ್ಚತಕ್ಕ ಅಂತರವೇನೂ ಕಾಣಲಿಲ್ಲ. ಮೂರನೆಯ ದರ್ಜೆಯ ಗೆಡ್ಡೆಯಿದ್ದ ಸಣ್ಣ ಗುಂಪಿನಲ್ಲಿ, ಹದಿನಾಲ್ಕು ತಿಂಗಳ ಹೊತ್ತಿಗೆ, ಕಡಮೆ ಪ್ರಮಾಣದ ಔಷಧವನ್ನು ಪಡೆದವರು ಮೇಲಾಗಿದ್ದರು. ಅದನ್ನು ಆಧಾರಮಾಡಿಕೊಂಡು ಅಂತಹ ರೋಗಿಗಳನ್ನೇ ಮುಖ್ಯವಾಗಿ ಉದ್ದೇಶಿಸಿದ ದೊಡ್ಡ ಪರೀಕ್ಷೆಯೊಂದು ಆಗ ನಡೆಯುತ್ತಿತ್ತು. ಅಣ್ಣನದು ಮೊದಲಿನಿಂದಲೂ ನಾಲ್ಕನೆಯ ದರ್ಜೆ. ಅವನಿಗೆ ಚಿಕಿತ್ಸೆ ಮಾಡುತ್ತಿದ್ದ ವೈದ್ಯರನ್ನು ಕೇಳಿದೆವು. ಅವರು ಲೇಖನವನ್ನು ಓದಿದ್ದರು. ಈ ಪರೀಕ್ಷೆಗೆ ಅಣ್ಣನು ಸೇರಲಾರನೆಂದು ಮೃದುವಾಗಿ, ಸ್ಪಷ್ಟವಾಗಿ ಹೇಳಿದರು.

ಅಷ್ಟರಲ್ಲಿ ಅಣ್ಣನ ಮಗನಿಗೆ ದೂರವಾಣಿಯಲ್ಲಿ ಒಬ್ಬ ಮಧ್ಯವರ್ತಿ ದೊರೆತಿದ್ದನು. ವಿದೇಶದಲ್ಲಿ ಇದೇ ಚಿಕಿತ್ಸೆಯನ್ನು ಮಾಡಿಸಿಕೊಡುವೆನೆಂದೂ, ದರ್ಜೆಯ ಪ್ರಶ್ನೆ ತನಗೆ ಬಿಟ್ಟುದೆಂದೂ, ಮೊದಲು ಇಷ್ಟು ಹಣ ಕಟ್ಟಬೇಕೆಂದೂ ಹೇಳಿದನು. ಆ ಮೊತ್ತ ಮನೆಯ ಬೆಲೆಗೆ ಹತ್ತಿರ ಹತ್ತಿರವಾಗಿತ್ತು. ನಾನು ಅವನನ್ನು ಕೇಳಿದುದು ಮೂರೇ ಪ್ರಶ್ನೆ: ಯಾವ ಪರೀಕ್ಷೆ? ಯಾವ ಆಸ್ಪತ್ರೆಯ ಯಾವ ವೈದ್ಯರು? ಇನ್ನೂ ಪರೀಕ್ಷೆಯಲ್ಲಿರುವ ಔಷಧಕ್ಕೆ ರೋಗಿಯಿಂದ ಹಣವೇಕೆ? ಮೂರಕ್ಕೂ ಅವನು ಕೊಟ್ಟ ಉತ್ತರ ಒಂದೇ: "ಕಾಲ ಮಿಂಚುತ್ತಿದೆ, ಸಾರ್."

ಆ ರಾತ್ರಿ ನನಗೂ ಅಣ್ಣನ ಮಗನಿಗೂ ಮಾತಿಗೆ ಮಾತು ಬೆಳೆಯಿತು. ನಾನು ಅಂಕಿಗಳನ್ನು ಹೇಳಿದೆನು. ಕಾಣದ ಗುಣವನ್ನು ಕಂಡಿತೆಂದು ಹೇಳಿ ನಿಮ್ಮ ತಾಯಿಯನ್ನು ಬೀದಿಗೆ ಹಾಕಲಾರೆನೆಂದೆನು. ಅವನು, "ಚಿಕ್ಕಪ್ಪ, ನೀವು ಅಂಕಿಗಳನ್ನು ನೋಡುತ್ತಿದ್ದೀರಿ. ನನಗೆ ಅಪ್ಪ ಕಾಣಿಸುತ್ತಿದ್ದಾರೆ" ಎಂದನು. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ೧೪೫ ಮಂದಿಯ ನಡುವಿನವನ ಆಯುಸ್ಸು ಯಾರೊಬ್ಬರ ಆಯುಸ್ಸೂ ಅಲ್ಲ. ಆ ಪಟ್ಟಿಯಲ್ಲಿ ಬಹುಕಾಲ ಬದುಕಿದವರೂ ಇದ್ದರು; ತನ್ನ ತಂದೆ ಅವರಲ್ಲೊಬ್ಬನಾಗನೆಂದು ಮಗನು ಏಕೆ ನಂಬಬೇಕು? ಅತ್ತಿಗೆಯವರು ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳುತ್ತಿದ್ದರು. "ನೀವು ಹೇಗೆ ಹೇಳುತ್ತೀರೋ ಹಾಗೆ, ಭಾವ" ಎಂದಷ್ಟೇ ಅಂದರು. ಅದಕ್ಕಿಂತ ಭಾರವಾದ ಮಾತನ್ನು ನನ್ನ ಜನ್ಮದಲ್ಲಿ ಕೇಳಿದವನಲ್ಲ.

ಮಾರನೆಯ ದಿನ ಬೆಳಗ್ಗೆ ಅಣ್ಣನ ಬಳಿ ಕುಳಿತೆನು. ಅವನಿಂದ ಮರೆಮಾಚಿ ಅವನ ಮನೆಯ ವಿಷಯವನ್ನು ನಿಶ್ಚಯಿಸುವುದು ನ್ಯಾಯವಲ್ಲವೆಂದು ತೋರಿತು. ಇದ್ದುದನ್ನು ಇದ್ದಂತೆ ಹೇಳಿದೆನು. ಗೆಡ್ಡೆಯನ್ನು ಇದು ಕರಗಿಸದು. ನಿಧಾನ ಮಾಡುವುದೆಂದು ಹೇಳುತ್ತಾರೆ. ನಿನ್ನಂಥ ಗೆಡ್ಡೆಯಲ್ಲಿ ಅಷ್ಟೂ ಕಂಡುಬಂದಿಲ್ಲ, ಎಂದೆನು. ಅವನು ಬಹಳ ಹೊತ್ತು ಸುಮ್ಮನಿದ್ದನು. ಅನಂತರ ಮಾತನ್ನು ಹುಡುಕಿ ಹುಡುಕಿ, "ಮನೆ... ಅವಳಿಗೆ" ಎಂದನು. ಮತ್ತೆ ಸ್ವಲ್ಪ ಹೊತ್ತಿನ ಮೇಲೆ, "ಕೆಲಸ ಒಳ್ಳೆಯದು. ಜೋಡಿಸಲಿ. ಮುಂದೆ ಆಗುತ್ತೆ" ಎಂದನು. ಮೊಳೆಯನ್ನು ತೋರಿಸಿದ ಕೈಯನ್ನು ಜರ್ಮನಿಯ ಕಡೆಗೆ ಎಂಬಂತೆ ಅಲ್ಲಾಡಿಸಿದನು.

ಆಮೇಲೆ ಕಾಗದ ಪೆನ್ಸಿಲುಗಳನ್ನು ಕೇಳಿ ತೆಗೆದುಕೊಂಡು ಒಂದು ಪದವನ್ನು ಬರೆದನು. ಬರೆಯಲು ಬಹಳ ಹೊತ್ತು ಹಿಡಿಯಿತು. ನನ್ನ ಕಡೆಗೆ ಚಾಚಿ, "ಸರಿಯೇ?" ಎಂದು ಕೇಳಿದನು. ಗೆಡ್ಡೆಯನ್ನು ಸಾವಕಾಶ ಮಾಡುವ ಮಾತನ್ನೇ ಅವನು ಬರೆಯಹೊರಟಿದ್ದನು. ಕಾಗದದ ಮೇಲೆ 'ನಿದಾನ' ಎಂದಿತ್ತು. ಸೀಳಿರಲಿಲ್ಲ.

ನಲವತ್ತು ವರ್ಷ ಊರಿನ ತಪ್ಪುಗಳನ್ನೆಲ್ಲ ತಿದ್ದಿದವನು ನನ್ನ ಮುಖವನ್ನು ನೋಡುತ್ತಿದ್ದನು. ನಾನು, "ಸರಿಯಾಗಿದೆ, ಅಣ್ಣ" ಎಂದೆನು. ಅಂಕಿಗಳ ವಿಷಯದಲ್ಲಿ ಸುಳ್ಳಾಡಲಾರೆನೆಂದು ಹಿಂದಿನ ರಾತ್ರಿ ಅಣ್ಣನ ಮಗನೊಡನೆ ಜಗಳವಾಡಿದವನು, ಒಂದು ಸೀಳಿನ ವಿಷಯದಲ್ಲಿ ಕಣ್ಣುಮುಚ್ಚಿ ಸುಳ್ಳಾಡಿದೆನು. ಅವನು ಕಾಗದವನ್ನು ಮಡಿಸಿ ನನ್ನ ಕೈಗೆ ಕೊಟ್ಟನು.

ಮನೆಯನ್ನು ಮಾರಲಿಲ್ಲ. ಶಿವರಾತ್ರಿಯ ಹೊತ್ತಿಗೆ ಅಣ್ಣನಿಗೆ ಮಾತು ಪೂರ್ತಿಯಾಗಿ ನಿಂತಿತು. ೨೦೧೨ರ ಏಪ್ರಿಲಿನಲ್ಲಿ, ಯುಗಾದಿ ಕಳೆದ ಮೂರನೆಯ ವಾರ, ತನ್ನ ಮನೆಯಲ್ಲಿಯೇ, ಅತ್ತಿಗೆಯವರ ಕೈಯಿಂದ ನೀರು ಕುಡಿದು ಕಣ್ಣುಮುಚ್ಚಿದನು. ಅಣ್ಣನ ಮಗನು ಕರ್ಮಗಳನ್ನು ಮುಗಿಸಿ ಬೆಂಗಳೂರಿಗೆ ಹೋದವನು ಬಹುಕಾಲ ನನ್ನೊಡನೆ ಮಾತನಾಡಲಿಲ್ಲ. ಅವನ ಮೇಲೆ ನನಗೆ ಕೋಪ ಬರಲಿಲ್ಲ. ಅವನು ಇದ್ದ ಸ್ಥಳದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆನೆಂಬುದನ್ನು ಬಲ್ಲೆನೆಂದು ಹೇಳಲಾರೆ.

ಅಂದಿನಿಂದ ಈ ಎದುರಕ್ಷರಗಳ ಸಮಾಚಾರ ಎಲ್ಲಿ ಬಂದರೂ ಓದುವುದು ನನಗೆ ಅಭ್ಯಾಸವಾಯಿತು. ಟ್ರಾಬೆಡರ್ಸನ್ನಿನ ದೊಡ್ಡ ಪರೀಕ್ಷೆಗೆ ಸಾಕಾದಷ್ಟು ರೋಗಿಗಳು ಸೇರಲಿಲ್ಲವಾಗಿ ಅದು ಪೂರ್ತಿಯಾಗದೆಯೇ ನಿಂತಿತು. ಅರ್ಬುದದ ಮೇಲೆ ಈ ಆಯುಧವನ್ನು ಪ್ರಯೋಗಿಸಿದ ಇತರರಿಗೂ ಸುಖವಾಗಲಿಲ್ಲ. ಶ್ವಾಸಕೋಶದ ಅರ್ಬುದಕ್ಕೆಂದು ಸಿದ್ಧವಾದ ಅಪ್ರಿನೊಕಾರ್ಸನ್ ೨೦೦೩ರಲ್ಲಿಯೇ ಸೋತಿತ್ತು. ಚರ್ಮದ ಮೆಲನೋಮಕ್ಕೆಂದು ಸಿದ್ಧವಾದ ಒಬ್ಲಿಮರ್ಸನ್ನಿಗೆ ೨೦೦೪ರಲ್ಲಿ ಅಮೆರಿಕದ ಔಷಧ ಸಮಿತಿ ಶಿಫಾರಸು ಮಾಡಲಿಲ್ಲ. ಪುರುಷಗ್ರಂಥಿಯ ಅರ್ಬುದದಲ್ಲಿ ಕಸ್ಟರ್ಸನ್ ೨೦೧೪ರಲ್ಲಿ ವಿಫಲವಾಯಿತು. ಸರವನ್ನು ಕಿಣ್ವಗಳು ತಿಂದುಹಾಕದಂತೆ ಅದರ ಬೆನ್ನೆಲುಬಿನಲ್ಲಿ ಆಮ್ಲಜನಕದ ಬದಲು ಗಂಧಕವನ್ನು ಸೇರಿಸುವುದನ್ನು ರಸಾಯನಶಾಸ್ತ್ರಜ್ಞರು ಕಂಡುಕೊಂಡಿದ್ದರು. ಆದರೂ ಗೆಡ್ಡೆಯ ಪ್ರತಿಯೊಂದು ಕೋಶಕ್ಕೂ ಅದನ್ನು ತಲುಪಿಸುವುದು ದುಸ್ತರವಾಯಿತು. ಅದಲ್ಲದೆ ಅರ್ಬುದವೆಂಬುದು ಒಂದೇ ಬಾಗಿಲಿನ ಮನೆಯಲ್ಲ; ಒಂದನ್ನು ಮುಚ್ಚಿದರೆ ಇನ್ನೊಂದನ್ನು ತೆರೆದುಕೊಳ್ಳುತ್ತದೆ.

ಆದರೆ ಅಣ್ಣನ "ಮುಂದೆ ಆಗುತ್ತೆ" ಎಂಬ ಮಾತು ಹುಸಿಯಾಗಲಿಲ್ಲ. ಹಸುಮಕ್ಕಳ ಸ್ನಾಯುಗಳನ್ನು ಕ್ಷಯಿಸಿ, ಉಗ್ರರೂಪದಲ್ಲಿ ಎರಡು ವರ್ಷದೊಳಗೆ ಕೊಲ್ಲುತ್ತಿದ್ದ ಒಂದು ವಂಶಪಾರಂಪರ್ಯ ರೋಗಕ್ಕೆ ನುಸಿನರ್ಸನ್ ಎಂಬ ಔಷಧವನ್ನು ೨೦೧೬ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಅಂಗೀಕರಿಸಿದರು. ಅದೂ ಹದಿನೆಂಟು ಅಕ್ಷರಗಳ ಸರವೇ. ಆದರೆ ಅದು ನಕಲನ್ನು ಹಾಳುಮಾಡುವುದಿಲ್ಲ. ಜೋಡಣೆಯಲ್ಲಿ ಬಿಟ್ಟುಹೋಗುತ್ತಿದ್ದ ಭಾಗವನ್ನು ಸೇರುವಂತೆ ಮಾಡಿ ನಕಲನ್ನು ಸರಿಪಡಿಸುತ್ತದೆ. ಕರಡು ತಿದ್ದುವ ಕೆಲಸ. ಕುಳ್ಳಿರಲಾರದೆ ಸಾಯಬೇಕಾಗಿದ್ದ ಮಕ್ಕಳಲ್ಲಿ ಹಲವರು ಕುಳಿತರು; ಕೆಲವರು ನಡೆದರು. ಅದನ್ನು ಓದಿದ ದಿನ ಅಣ್ಣನಿಗೆ ಹೇಳಬೇಕೆಂದು ಎದ್ದುನಿಂತು, ಹಾಗೆಯೇ ಕುಳಿತೆನು.

೨೦೨೪ರ ಜೂನ್ ತಿಂಗಳಿನಲ್ಲಿ ಒಂದು ಸಂಜೆ ಅಣ್ಣನ ಮಗನೇ ನನ್ನನ್ನು ಕರೆದು ಮಾತನಾಡಿದನು. ಅವನ ಕೂದಲೂ ಈಗ ನೆರೆತಿದೆ. "ಚಿಕ್ಕಪ್ಪ, ನೋಡಿದಿರಾ? ಇಮೆಟೆಲ್‌ಸ್ಟಾಟ್ ಎಂಬುದಕ್ಕೆ ಒಪ್ಪಿಗೆ ಸಿಕ್ಕಿದೆ. ಮಜ್ಜೆಯ ರೋಗಕ್ಕೆ. ಎಷ್ಟು ಅಕ್ಷರ ಗೊತ್ತೆ? ಹದಿಮೂರು" ಎಂದನು. ಅವನೂ ಇಷ್ಟು ವರ್ಷ ಓದುತ್ತಲೇ ಇದ್ದನೆಂಬುದು ನನಗೆ ತಿಳಿದಿರಲಿಲ್ಲ. ಮಜ್ಜೆಯಲ್ಲಿ ಕೆಟ್ಟ ಕೋಶಗಳು ಹೆಚ್ಚಿ, ರಕ್ತ ಕುಗ್ಗಿ, ಮೇಲಿಂದ ಮೇಲೆ ಬೇರೆಯವರ ರಕ್ತವನ್ನು ಏರಿಸಿಕೊಳ್ಳಬೇಕಾದವರಿಗೆ ಆ ಔಷಧ. ಕಟ್ಟುನಿಟ್ಟಾಗಿ ನೋಡಿದರೆ ಅದನ್ನು ಎದುರಕ್ಷರದ ಔಷಧವೆನ್ನಲಾಗದು; ಸಂದೇಶದ ನಕಲನ್ನು ಅದು ಹಿಡಿಯುವುದಿಲ್ಲ. ಕೋಶಗಳು ಮುಪ್ಪಿಲ್ಲದೆ ವೃದ್ಧಿಯಾಗುವುದಕ್ಕೆ ನೆರವಾಗುವ ಟೆಲೊಮರೇಸ್ ಎಂಬ ಕಿಣ್ವದೊಳಗೆ ಆರ್‌ಎನ್‌ಎಯ ಒಂದು ಅಚ್ಚು ಇದೆ; ಆ ಅಚ್ಚಿನ ಮುಖವನ್ನೇ ಇದು ಹೋಗಿ ಮುಚ್ಚುತ್ತದೆ. ೧೯೭೮ರ ಕೋಳಿಮರಿಯ ಕೋಶಗಳಿಗೆ ಹಾಕಿದುದೂ ಹದಿಮೂರೇ ಅಕ್ಷರಗಳು. ನಡುವೆ ನಲವತ್ತಾರು ವರ್ಷಗಳು. ನಾನು ಇದನ್ನೆಲ್ಲ ಹೇಳುತ್ತಿರುವಾಗ ಅವನು ನಡುವೆ ತಡೆದು, "ಅಪ್ಪ ಹೇಳಿದ್ದು ಇದೇ ಅಲ್ಲವೇ? ಅಚ್ಚನ್ನು ಮುಚ್ಚಿದರೆ ಮಸಿ ಎಲ್ಲಿ ತಾಗುತ್ತೆ ಎಂದು?" ಎಂದನು. ಆ ಸಂಜೆ ಅವನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದನಂತೆ.

ಇಷ್ಟೆಲ್ಲ ಬರೆದುದರಿಂದ ವಾಚಕರಿಗೆ ಯಾವ ಉಪದೇಶವನ್ನು ಮಾಡಲಿ? ಮನೆಯಲ್ಲಿ ಇಂತಹ ಕಾಯಿಲೆ ಬಂದು, ಯಾರಾದರೂ ಹೊಸ ಔಷಧದ ಹೆಸರನ್ನು ಹಿಡಿದು ಹಣ ಕೇಳಿದರೆ, ನಾನು ಕೇಳಿದ ಆ ಮೂರು ಪ್ರಶ್ನೆಗಳನ್ನು ಕೇಳಿರಿ. ಚಿಕಿತ್ಸೆ ಮಾಡುತ್ತಿರುವ ವೈದ್ಯರನ್ನು ಕೇಳದೆ ಏನನ್ನೂ ಮಾರಬೇಡಿರಿ. ಹೊಸದೆಂಬ ಕಾರಣದಿಂದ ಶಾಸ್ತ್ರವನ್ನು ಹಳಿಯಲೂ ಬೇಡಿರಿ. ಶಾಸ್ತ್ರವು ಒಂದೊಂದೇ ಮೊಳೆಯನ್ನು ಜೋಡಿಸಿ ಮುಂದಕ್ಕೆ ಹೋಗತಕ್ಕದ್ದು. ಅದರ ನಡಿಗೆ ನಿಧಾನ, ರೋಗದ ನಡಿಗೆ ಶೀಘ್ರ. ಇವೆರಡರ ನಡುವೆ ಸಿಕ್ಕಿದವರನ್ನು ಏನೆಂದು ಸಮಾಧಾನಪಡಿಸಬೇಕೆಂಬುದು ನನಗೆ ಇಂದಿಗೂ ತಿಳಿಯದು.

ಅತ್ತಿಗೆಯವರು ಈಗಲೂ ಅದೇ ಮನೆಯಲ್ಲಿದ್ದಾರೆ. ನಡುಮನೆಯಲ್ಲಿ ಮೊಳೆಗಳ ಕೇಸು ಹಾಗೆಯೇ ಇದೆ. ಅಣ್ಣನು ಬರೆದುಕೊಟ್ಟ ಕಾಗದ ನನ್ನ ಪೆಟ್ಟಿಗೆಯಲ್ಲಿದೆ. ಎಷ್ಟೋ ಸಲ ಅದನ್ನು ತೆಗೆದು ಪೆನ್ಸಿಲನ್ನು ಹಿಡಿದಿದ್ದೇನೆ. ಆ ಒಂದು ಸೀಳನ್ನು ಹಾಕಲು ಇನ್ನೂ ಕೈ ಬಂದಿಲ್ಲ.